ಕೇಳದ ಮತ, ಕೊಡಬೇಕಾದ ಲೆಕ್ಕ

ಶಾಂತ ಮಹಾಸಾಗರದಲ್ಲಿ ಟುವಾಲು ಎಂಬುದೊಂದು ರಾಷ್ಟ್ರವಿದೆ. ಒಂಬತ್ತು ಸಣ್ಣ ದ್ವೀಪಗಳು, ಸುಮಾರು ಹತ್ತು ಸಾವಿರ ಜನ. ಇಷ್ಟೇ ಅದರ ವೈಭವ. ಬ್ರಿಟನ್ನಿನ ರಾಣಿಯನ್ನೇ ರಾಷ್ಟ್ರದ ಮುಖ್ಯಸ್ಥಳನ್ನಾಗಿ ಉಳಿಸಿಕೊಳ್ಳಬೇಕೋ, ಗಣರಾಜ್ಯವಾಗಬೇಕೋ ಎಂಬ ಪ್ರಶ್ನೆಯನ್ನು 2008ನೆಯ ಇಸವಿ ಏಪ್ರಿಲ್ 30ರಂದು ಅಲ್ಲಿಯ ಪ್ರಜೆಗಳ ಮುಂದೆಯೇ ಇಡಲಾಯಿತು. ಗಣರಾಜ್ಯದ ಪರವಾಗಿ 679, ವಿರುದ್ಧವಾಗಿ 1,260 ಮತಗಳು ಬಿದ್ದವು. ಬದಲಾವಣೆಯ ಮಾತು ಅಲ್ಲಿಗೇ ನಿಂತಿತು. ಅವರ ನಿರ್ಣಯವು ನಮಗೆ ಒಪ್ಪಿಗೆಯಾಗಲಿ ಆಗದಿರಲಿ, ಅವರನ್ನು ಕೇಳಿದ ರೀತಿಯು ಮೆಚ್ಚತಕ್ಕದ್ದೇ ಸರಿ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನರ ಮುಂದೆ ರಾಜ್ಯಘಟನೆಯ ಪ್ರಶ್ನೆಯನ್ನು ಹೀಗೆ ನೇರವಾಗಿ ಇಟ್ಟವರಿಲ್ಲ. 1948ರ ಫೆಬ್ರವರಿಯಲ್ಲಿ ಜುನಾಗಢದವರಿಗೆ ದೊರೆತ ಜನಮತಗಣನೆಯ ಅವಕಾಶವು ನಿಜಾಮನ ಪ್ರಜೆಗಳಿಗೆ ದೊರೆಯಲಿಲ್ಲ. ಅವರು ತಮ್ಮ ಮತವನ್ನು ಗಡಿಯಾಚೆಯ ಮುಂಡರಗಿಯ ಶಿಬಿರದಲ್ಲಿಯೂ ಸೆರೆಮನೆಗಳಲ್ಲಿಯೂ ತಿಳಿಸಿದರು. ಅದೇ ವರ್ಷದ ಸೆಪ್ಟೆಂಬರ್ 17ರಂದು ನಿಜಾಮಶಾಹಿಯು ಕೊನೆಗಂಡಿತು. ಭಾರತದ ರಾಜ್ಯಘಟನೆಯೇ ಹೈದರಾಬಾದಿಗೂ ರಾಜ್ಯಘಟನೆಯೆಂದು 1949ರ ನವೆಂಬರದಲ್ಲಿ ಸಾರಿದ್ದು ನಿಜಾಮರ ಫರ್ಮಾನು.

ಮುಂದೆ ಈ ಸೀಮೆಯೂ ಸೇರಿದ ಹೈದರಾಬಾದ್ ಕರ್ನಾಟಕಕ್ಕಾಗಿಯೇ ರಾಜ್ಯಘಟನೆಯನ್ನು ತಿದ್ದಲಾಯಿತು. 2012ರ ಡಿಸೆಂಬರದಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ 371-ಜೆ ಕಲಮು ಹುಟ್ಟಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. ಸ್ಥಳೀಯ ಸರಕಾರಿ ನೌಕರಿಗಳಲ್ಲಿ ‘ಸಿ’ ವರ್ಗದಲ್ಲಿ ನೂರಕ್ಕೆ 80, ‘ಡಿ’ ವರ್ಗದಲ್ಲಿ ನೂರಕ್ಕೆ 85 ಸ್ಥಾನಗಳು ಇಲ್ಲಿಯವರಿಗೆ ಮೀಸಲಾದವು. ಇದು ಅನೇಕ ವರ್ಷಗಳ ಜನಾಗ್ರಹದ ಫಲವೆಂಬುದನ್ನು ನಾವು ಮರೆತಿಲ್ಲ. ಇಷ್ಟು ವಿಶಾಲವಾದ ದೇಶದಲ್ಲಿ ತಿದ್ದುಪಡಿಗೊಮ್ಮೆ ಮತಪೆಟ್ಟಿಗೆಯನ್ನು ಹೊರಡಿಸಬೇಕೆಂದೂ ನಾವು ವಾದಿಸುವುದಿಲ್ಲ. ನಮ್ಮ ಘಟನೆಯು ಆ ಭಾರವನ್ನು ಜನರ ಪ್ರತಿನಿಧಿಗಳ ಮೇಲೆ ಹೊರಿಸಿದೆ.

ಆದರೆ ಮೊದಲು ಕೇಳದೆ ಕಾರ್ಯ ಕೈಕೊಂಡವನು ಕೊನೆಗೆ ಲೆಕ್ಕವನ್ನಾದರೂ ಒಪ್ಪಿಸಬೇಕಲ್ಲವೇ? ಮಂಡಳಿಯ ಕಾರ್ಯದ ವರದಿಯನ್ನು ವರ್ಷಕ್ಕೊಮ್ಮೆ ವಿಧಾನಸಭೆಯ ಮುಂದೆ ಇಡಬೇಕೆಂದು ಆ ಕಲಮೇ ವಿಧಿಸುತ್ತದೆ. ವರದಿಯು ಬೆಂಗಳೂರಿನ ಮೇಜಿನ ಮೇಲೆ ಮಲಗಿದರೆ ಯಲಬುರ್ಗಾದ ರೈತನಿಗೆ ಬಂದ ಭಾಗ್ಯವೇನು? 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13,89,920. ಟುವಾಲುವಿನಂಥ ನೂರು ರಾಷ್ಟ್ರಗಳಿಗೆ ಸಾಕಾಗುವಷ್ಟು ಜನ!

ತಮ್ಮ ತಾಲೂಕಿಗೆ ಬಂದ ಹಣವೆಷ್ಟು, ವೆಚ್ಚವಾದದ್ದೆಷ್ಟು, ತುಂಬಿದ ಹುದ್ದೆಗಳೆಷ್ಟು, ಖಾಲಿ ಉಳಿದವೆಷ್ಟು ಎಂಬುದನ್ನು ಪ್ರತಿ ವರ್ಷ ಪ್ರತಿಯೊಂದು ಗ್ರಾಮಸಭೆಯಲ್ಲಿ ತಿಳಿಗನ್ನಡದಲ್ಲಿ ಓದಿ ಹೇಳತಕ್ಕದ್ದು. ಜನರ ಆಕ್ಷೇಪಗಳನ್ನು ಬರೆದುಕೊಂಡು ಮಂಡಳಿಗೆ ಕಳುಹತಕ್ಕದ್ದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಅಧಿಕಾರಿಗಳ ಮನಸ್ಸು ಬೇಕು, ಸುಶಿಕ್ಷಿತ ಪಟ್ಟಣವಾಸಿಗಳ ಒತ್ತಾಯ ಬೇಕು. ಹಕ್ಕನ್ನು ಪಡೆದು ಲೆಕ್ಕವನ್ನು ಕೇಳದ ಜನರ ಹಕ್ಕು ಕಾಗದದ ಮೇಲೆಯೇ ಉಳಿದೀತೆಂದು ನಾವು ಎಚ್ಚರಿಸುತ್ತೇವೆ.