ಜ್ವರಕ್ಕೆ ಹೆಸರಿಡಲು ಐಸಿಯುವರೆಗೂ ಕಾಯಬೇಕೇ?

ಮಳೆ ಹಿಡಿಯಿತೆಂದರೆ ನಮ್ಮ ತಾಲೂಕು ಕೇಂದ್ರಗಳ ಲ್ಯಾಬುಗಳಿಂದ ಒಂದೇ ಥರದ ರಿಪೋರ್ಟು ಹೊರಬೀಳುತ್ತಲೇ ಇರುತ್ತದೆ: ‘ವಿಡಾಲ್ ಪಾಸಿಟಿವ್’. ಮನೆಯವರು ನೆಂಟರಿಗೆ ಫೋನ್ ಮಾಡಿ, ‘ಟೈಫಾಯ್ಡ್ ಅಂತೆ, ಡ್ರಿಪ್ ಹಾಕಿದಾರೆ’ ಅನ್ನುತ್ತಾರೆ. ನಾಲ್ಕೈದು ದಿನ ಇಂಜೆಕ್ಷನ್. ಬಹುತೇಕರು ಹುಷಾರಾಗಿ ಮನೆಗೆ ಬರುತ್ತಾರೆ. ಕೆಲವರಿಗೆ ಮಾತ್ರ ಜ್ವರ ಇಳಿಯುವುದಿಲ್ಲ. ಏದುಸಿರು ಬರುತ್ತದೆ, ಕಣ್ಣು ಹಳದಿಯಾಗುತ್ತದೆ, ಕೊನೆಗೆ ‘ನಮ್ಮಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ’ ಎಂಬ ಮಾತು ಬರುತ್ತದೆ. ಹಾಗೆ ಹೋದವರಲ್ಲಿ ಒಂದಷ್ಟು ಜನಕ್ಕೆ ಇದ್ದದ್ದು ಟೈಫಾಯ್ಡೇ ಅಲ್ಲ, ಸ್ಕ್ರಬ್ ಟೈಫಸ್.

ಹೆಸರು ಒಂದೇ ಥರ ಕೇಳಿಸಿದರೂ ಎರಡಕ್ಕೂ ಸಂಬಂಧವಿಲ್ಲ. ಟೈಫಾಯ್ಡ್ ಕೊಳಕು ನೀರು, ಆಹಾರದಿಂದ ಬರುವಂಥದ್ದು. ಸ್ಕ್ರಬ್ ಟೈಫಸ್ ತರುವುದು ಪೊದೆ, ಹುಲ್ಲು, ಗದ್ದೆ ಬದುಗಳಲ್ಲಿರುವ ಒಂದು ಬಗೆಯ ನುಸಿಯ ಮರಿ. ಕಣ್ಣಿಗೆ ಕಾಣಿಸದಷ್ಟು ಸಣ್ಣದು. ಅದು ಕಚ್ಚಿದಾಗ ಓರಿಯೆನ್ಷಿಯಾ ಸುಸುಗಮುಶಿ ಎಂಬ ಬ್ಯಾಕ್ಟೀರಿಯಾ ಮೈಸೇರುತ್ತದೆ. ಪಾಕಿಸ್ತಾನದಿಂದ ಜಪಾನ್‌ವರೆಗೆ, ಕೆಳಗೆ ಉತ್ತರ ಆಸ್ಟ್ರೇಲಿಯಾದವರೆಗೆ ಹರಡಿರುವ ಈ ರೋಗದ ನಕ್ಷೆಯ ಒಳಗೇ ನಾವಿದ್ದೇವೆ. ಹುಲ್ಲು ಕೊಯ್ಯುವವರು, ಕಳೆ ಕೀಳುವವರು, ಸೌದೆಗೆ ಹೋಗುವವರು ಇದಕ್ಕೆ ಹೆಚ್ಚು ಸಿಕ್ಕುತ್ತಾರೆ.

ಇದು ವಾಸಿಯಾಗದ ಕಾಯಿಲೆಯೇನಲ್ಲ. ಡಾಕ್ಸಿಸೈಕ್ಲಿನ್ ಎಂಬ ಹಳೆಯ ಔಷಧಿ ಸಾಕು, ಒಂದು ಕ್ಯಾಪ್ಸೂಲ್‌ಗೆ ಕೆಲವೇ ರೂಪಾಯಿ. ಬೇಗ ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಜ್ವರ ಇಳಿಯುತ್ತದೆ. ಆದರೆ ‘ಟೈಫಾಯ್ಡ್’ ಅಂತ ಹಾಕುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಇದಕ್ಕೆ ನಾಟುವುದಿಲ್ಲ. ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೆ ಹೊಕ್ಕು ಕೂತಿರುತ್ತದೆ, ಆ ಔಷಧಿ ಅಲ್ಲಿ ಕೆಲಸ ಮಾಡದು. ರೋಗಿ ದಿನಕ್ಕೆ ಸಾವಿರಾರು ರೂಪಾಯಿ ಕಟ್ಟಿ ಮಲಗಿದ್ದರೂ, ಅಸಲಿ ರೋಗದ ಮಟ್ಟಿಗೆ ಚಿಕಿತ್ಸೆ ಶುರುವೇ ಆಗಿರುವುದಿಲ್ಲ.

ವಿಡಾಲ್ ಎಂಬ ಹಳೇ ನಂಬಿಕೆ

ನಾನು ಓದಿದ್ದು ಇಂಜಿನಿಯರಿಂಗ್, ಡಾಕ್ಟರಲ್ಲ. ಆದರೆ ಒಂದು ಟೆಸ್ಟು ಎಷ್ಟು ಸಲ ತಪ್ಪು ಅಲಾರಂ ಹೊಡೆಯುತ್ತದೆ ಅಂತ ಕೇಳುವುದನ್ನು ಇಂಜಿನಿಯರಿಂಗ್ ಕಲಿಸುತ್ತದೆ. ವಿಡಾಲ್ ಪರೀಕ್ಷೆ 1896ರದ್ದು. ಅದು ನೋಡುವುದು ರೋಗಾಣುವನ್ನಲ್ಲ, ರಕ್ತದಲ್ಲಿರುವ ಪ್ರತಿಕಾಯಗಳನ್ನು. ಹಿಂದೆಂದೋ ಟೈಫಾಯ್ಡ್ ಬಂದುಹೋದವರಲ್ಲಿ, ಲಸಿಕೆ ತಗೊಂಡವರಲ್ಲಿ, ಬೇರೆ ಸೋಂಕು ತಗುಲಿದವರಲ್ಲೂ ಅವು ಕಾಣಿಸಿಕೊಳ್ಳಬಹುದು. ಹಾಗಾಗಿ ಟೈಫಾಯ್ಡ್ ಮಾಮೂಲಾಗಿರುವ ನಮ್ಮಂಥ ದೇಶದಲ್ಲಿ ಒಂದೇ ಸಲ ಮಾಡಿದ ವಿಡಾಲ್ ನಂಬಿ ರೋಗ ನಿರ್ಧರಿಸಬಾರದು ಎನ್ನುವುದು ವೈದ್ಯಕೀಯ ವಲಯದಲ್ಲಿ ಹೊಸ ಮಾತೇನಲ್ಲ. ಬೇಕಾದದ್ದು ಬ್ಲಡ್ ಕಲ್ಚರ್, ಅದೂ ಆಂಟಿಬಯಾಟಿಕ್ ಕೊಡುವ ಮೊದಲು. ಆದರೆ ಕಲ್ಚರ್‌ಗೆ ದಿನಗಳು ಬೇಕು, ಸೌಲಭ್ಯ ಬೇಕು. ವಿಡಾಲ್ ಅಗ್ಗ, ಬೇಗ ಬರುತ್ತದೆ, ಮೇಲಾಗಿ ಕಾಯಿಲೆಗೊಂದು ಹೆಸರು ಕೊಡುತ್ತದೆ. ಹೆಸರು ಸಿಕ್ಕ ಮೇಲೆ ಹುಡುಕಾಟ ನಿಲ್ಲುತ್ತದೆ, ತೊಂದರೆ ಇರುವುದೇ ಅಲ್ಲಿ.

ಸ್ಕ್ರಬ್ ಟೈಫಸ್ ಎಷ್ಟೋ ಸಲ ತನ್ನ ಗುರುತನ್ನು ಮೈಮೇಲೇ ಬಿಟ್ಟಿರುತ್ತದೆ. ನುಸಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ. ನೋವಿಲ್ಲ, ತುರಿಕೆಯಿಲ್ಲ, ರೋಗಿಗೇ ಗೊತ್ತಿರುವುದಿಲ್ಲ. ಎಲ್ಲರಲ್ಲೂ ಇರುವುದಿಲ್ಲ, ಇದ್ದರೆ ಹೆಚ್ಚಾಗಿ ಕಂಕುಳು, ತೊಡೆಸಂದು, ಸೊಂಟ, ಎದೆಯ ಕೆಳಗೆ, ಅಂದರೆ ಬಟ್ಟೆ ಮುಚ್ಚಿದ ಕಡೆ. ನಮ್ಮ ದೊಡ್ಡಮ್ಮನನ್ನು ಒಂದು ನರ್ಸಿಂಗ್ ಹೋಮ್‌ನಲ್ಲಿ ಐದು ದಿನ ಟೈಫಾಯ್ಡ್ ಅಂತ ಮಲಗಿಸಿದ್ದರು. ಆಮೇಲೆ ಸೇರಿಸಿದ ಮೆಡಿಕಲ್ ಕಾಲೇಜಿನಲ್ಲಿ ಒಬ್ಬಳು ಪಿಜಿ ಡಾಕ್ಟರ್ ಪರದೆ ಎಳೆದು, ಸೆರಗು ಸರಿಸಿ ನೋಡಿದಾಗ ಎದೆಯ ಕೆಳಗೆ ಆ ಕಲೆ ಸಿಕ್ಕಿತು. ಅಲ್ಲಿಯವರೆಗೆ ರಕ್ತ ಎಷ್ಟು ಸಲ ತೆಗೆದಿದ್ದರೋ ಲೆಕ್ಕವಿಲ್ಲ. ಮೈ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಇದನ್ನು ಒಬ್ಬ ಡಾಕ್ಟರ ನಿರ್ಲಕ್ಷ್ಯ ಅಂತ ಮುಗಿಸಿಬಿಡುವುದು ಸುಲಭ. ಆದರೆ ಬೆಳಗಿನಿಂದ ನೂರಾರು ರೋಗಿಗಳನ್ನು ನೋಡಬೇಕಾದ, ಪರದೆಯಾಗಲಿ ಮಹಿಳಾ ಸಿಬ್ಬಂದಿಯಾಗಲಿ ಇಲ್ಲದ ಒಪಿಡಿಯಲ್ಲಿ ಹೆಂಗಸೊಬ್ಬರ ಮೈಯನ್ನು ತಲೆಯಿಂದ ಕಾಲಿನವರೆಗೆ ಯಾರು, ಹೇಗೆ ಪರೀಕ್ಷಿಸಬೇಕು? ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವವರಲ್ಲಿ ಹೆಂಗಸರೇ ಹೆಚ್ಚು ಎಂಬುದು ನೆನಪಿರಲಿ.

ಗೋರಖ್‌ಪುರ ಹೇಳಿದ್ದೇನು?

ತಪ್ಪು ಹೆಸರಿಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದ ಗೋರಖ್‌ಪುರ ನೋಡಬೇಕು. 1978ರಿಂದೀಚೆಗೆ ಅಲ್ಲಿ ಮಳೆಗಾಲ ಬಂದಾಗಲೆಲ್ಲ ಮಕ್ಕಳು ಮಿದುಳು ಜ್ವರದಿಂದ ಸಾಯುತ್ತಿದ್ದರು. ಮೊದಲು ಜಪಾನೀಸ್ ಎನ್ಸೆಫಲೈಟಿಸ್ ಎಂದರು, ಲಸಿಕೆ ಹಾಕಿದರು. ಜೆಇ ತಗ್ಗಿತು, ಸಾವು ನಿಲ್ಲಲಿಲ್ಲ. ಆಮೇಲೆ ಎಂಟರೋವೈರಸ್, ನೀರು ಎಂದರು. ಕಳೆದ ದಶಕದ ನಡುವೆ ಸಂಶೋಧಕರು ಈ ಮಕ್ಕಳ ಮಾದರಿಗಳನ್ನು ಸ್ಕ್ರಬ್ ಟೈಫಸ್‌ಗಾಗಿ ಪರೀಕ್ಷಿಸಿದಾಗ, ಸುಮಾರು 60 ಪ್ರತಿಶತ ಮಕ್ಕಳಲ್ಲಿ ಅದರ ಸೋಂಕಿನ ಪುರಾವೆ ಸಿಕ್ಕಿತು. ಎಲ್ಲರೂ ವೈರಸ್ ಹುಡುಕುತ್ತಿದ್ದಾಗ ಅಲ್ಲಿ ಇದ್ದದ್ದು ಬ್ಯಾಕ್ಟೀರಿಯಾ, ಅದೂ ಅಗ್ಗದ ಔಷಧಿಗೆ ಬಗ್ಗುವಂಥದ್ದು. ಆಮೇಲೆ ಅಲ್ಲಿನ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಜ್ವರ ಮಿದುಳಿಗೇರುವ ಮೊದಲೇ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್ ಕೊಡುವ ನೀತಿ ಬಂತು. ಅಷ್ಟು ವರ್ಷ ಸತ್ತ ಮಕ್ಕಳಲ್ಲಿ ಎಷ್ಟು ಜನ ಉಳಿಯಬಹುದಿತ್ತು? ಈ ಪ್ರಶ್ನೆಗೆ ಇನ್ನು ಉತ್ತರ ಸಿಗುವುದಿಲ್ಲ.

ಸಂಶೋಧನೆಯೇನೂ ನಿಂತಿಲ್ಲ. 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವೆಲ್ಲೂರಿನ ಸಿಎಂಸಿ ನೇತೃತ್ವದ ಟ್ರಯಲ್ ಒಂದು ಪ್ರಕಟವಾಯಿತು. ಭಾರತದ ಏಳು ಆಸ್ಪತ್ರೆಗಳು, ತೀವ್ರ ಸ್ಕ್ರಬ್ ಟೈಫಸ್‌ನ 794 ರೋಗಿಗಳು. ಒಂದು ಗುಂಪಿಗೆ ರಕ್ತನಾಳದ ಮೂಲಕ ಡಾಕ್ಸಿಸೈಕ್ಲಿನ್, ಒಂದಕ್ಕೆ ಅಜಿತ್ರೋಮೈಸಿನ್, ಇನ್ನೊಂದಕ್ಕೆ ಎರಡೂ. ಎರಡೂ ಔಷಧಿ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತವೆ, ಆದರೆ ಬೇರೆ ಬೇರೆ ಕಡೆ ಕೈ ಹಾಕಿ. ಸಾವು, ಏಳನೇ ದಿನಕ್ಕೂ ಬಿಡದ ಅಂಗಾಂಗ ತೊಂದರೆ, ಐದನೇ ದಿನಕ್ಕೂ ಇಳಿಯದ ಜ್ವರ ಮೂರನ್ನೂ ಒಟ್ಟಿಗೆ ಲೆಕ್ಕ ಹಿಡಿದರೆ, ಒಂದೊಂದೇ ಔಷಧಿ ಪಡೆದವರಲ್ಲಿ ಸುಮಾರು 47-48 ಪ್ರತಿಶತ ಮಂದಿಗೆ ಇವುಗಳಲ್ಲೊಂದು ಆಗಿತ್ತು. ಎರಡೂ ಪಡೆದವರಲ್ಲಿ ಅದು 33 ಪ್ರತಿಶತ. ಹೆಚ್ಚುಕಡಿಮೆ ಏಳು ಮಂದಿಗೆ ಜೋಡಿ ಔಷಧಿ ಕೊಟ್ಟರೆ ಒಬ್ಬರು ಇಂಥ ಪಾಡಿನಿಂದ ಪಾರು ಎಂದಾಯಿತು.

ಆದರೆ ಇದನ್ನು ಪೂರ್ತಿ ಓದಬೇಕು. ಸಾವನ್ನು ಮಾತ್ರ ಪ್ರತ್ಯೇಕ ನೋಡಿದರೆ ಮೂರು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ನಾನು ಅದನ್ನು ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ: ಶ್ವಾಸಕೋಶ, ಲಿವರ್, ಕಿಡ್ನಿ ಸೋಲತೊಡಗಿದ ಮೇಲೆ ಒಳ್ಳೆ ಔಷಧಿಯೂ ಒಂದು ಹಂತದವರೆಗೆ ಮಾತ್ರ ಎಳೆದು ತರಬಲ್ಲದು. ಉಳಿದ ಜೀವಗಳನ್ನು ಉಳಿಸಬೇಕಾದದ್ದು ಅದಕ್ಕೂ ಮೊದಲು, ತಾಲೂಕಿನಲ್ಲಿ.

ಜ್ವರ ಬಂದವರಿಗೆಲ್ಲ ಡಾಕ್ಸಿ ಕೊಟ್ಟರೆ ಆಂಟಿಬಯಾಟಿಕ್ ಪ್ರತಿರೋಧ ಹೆಚ್ಚುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಯಾರೂ ಈ ಲೇಖನ ಓದಿ ಮೆಡಿಕಲ್ ಶಾಪಿಗೆ ಹೋಗಬೇಡಿ. ಜ್ವರಕ್ಕೆ ಡೆಂಗಿ, ಮಲೇರಿಯಾ, ಇಲಿಜ್ವರ, ಮಲೆನಾಡಿನಲ್ಲಿ ಮಂಗನ ಕಾಯಿಲೆ, ಹೀಗೆ ಹತ್ತು ಕಾರಣಗಳಿವೆ. ಆದರೆ ನಾವು ಈಗ ಆಂಟಿಬಯಾಟಿಕ್ ಕೊಡದೆ ಸುಮ್ಮನಿದ್ದೇವಾ? ವಿಡಾಲ್ ನಂಬಿ ಅದಕ್ಕಿಂತ ದೊಡ್ಡ ಆಂಟಿಬಯಾಟಿಕ್ಕನ್ನೇ ಸುರಿಯುತ್ತಿದ್ದೇವೆ. ಐದು ದಿನ ದಾಟಿಯೂ ಕಾರಣ ತಿಳಿಯದ ಜ್ವರವಿದ್ದರೆ ಸ್ಕ್ರಬ್ ಟೈಫಸ್ ಶಂಕಿಸಿ, ಲ್ಯಾಬ್ ಖಾತ್ರಿಗೆ ಕಾಯದೆ ಚಿಕಿತ್ಸೆ ಶುರು ಮಾಡಿ ಎಂದು ಐಸಿಎಂಆರ್ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದು ಇನ್ನೂ ಎಷ್ಟು ಕ್ಲಿನಿಕ್ಕುಗಳ ಮೇಜು ತಲುಪಿದೆ?

ದುಡ್ಡು ಎಲ್ಲಿ ಹೋಗುತ್ತಿದೆ ನೋಡಿ. ಆಯುಷ್ಮಾನ್ ಕಾರ್ಡ್ ಆಸರೆಯಾಗುವುದು ರೋಗಿ ಆಸ್ಪತ್ರೆಗೆ ದಾಖಲಾದ ಮೇಲೆ. ಮೂರನೇ ದಿನ ಖಾಸಗಿ ಕ್ಲಿನಿಕ್ಕಿನ ಒಪಿಡಿಯಲ್ಲಿ ಕೂತವರ ಸ್ಕ್ರಬ್ ಟೈಫಸ್ ಟೆಸ್ಟಿಗೆ ಅದು ಬರುವುದಿಲ್ಲ. ಅಂದರೆ ವೆಂಟಿಲೇಟರ್‌ಗೆ ಕೊಡಲು ಸರ್ಕಾರ ತಯಾರಿದೆ, ವೆಂಟಿಲೇಟರ್ ತಪ್ಪಿಸುವ ಟೆಸ್ಟಿಗೆ ಇಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಸ್ಕ್ರಬ್ ಟೈಫಸ್‌ನ ಐಜಿಎಂ ಎಲೈಸಾ ಟೆಸ್ಟ್ ಉಚಿತವಾಗಿ ಸಿಗಲಿ. ವಿಡಾಲ್ ಒಂದನ್ನೇ ನಂಬಿ ಟೈಫಾಯ್ಡ್ ಎಂದು ಬರೆಯುವುದನ್ನು ಸರ್ಕಾರಿ ಆಸ್ಪತ್ರೆಗಳಾದರೂ ನಿಲ್ಲಿಸಲಿ. ಯಾವ ಜಿಲ್ಲೆಯಲ್ಲಿ ಯಾವ ಜ್ವರ ಓಡಾಡುತ್ತಿದೆ ಎಂಬ ಮಾಹಿತಿ ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಕ್ಲಿನಿಕ್ಕುಗಳಿಗೆ ಸಿಗಲಿ. ಪ್ರತಿ ಒಪಿಡಿಯಲ್ಲೂ ಒಂದು ಪರದೆ, ಒಬ್ಬ ಮಹಿಳಾ ಸಿಬ್ಬಂದಿ ಇರಲಿ. ಅಲ್ಲಿಯವರೆಗೆ ನಾವೂ ಒಂದು ಕೆಲಸ ಮಾಡಬಹುದು. ಮನೆಯಲ್ಲಿ ಯಾರಿಗಾದರೂ ಜ್ವರ ಐದನೇ ದಿನಕ್ಕೆ ಬಂದಿದ್ದರೆ, ‘ಡಾಕ್ಟ್ರೇ, ಇವರು ತೋಟದ ಕೆಲಸ ಮಾಡೋರು, ಸ್ಕ್ರಬ್ ಟೈಫಸ್ ಇರಬಹುದಾ, ಒಮ್ಮೆ ಮೈ ನೋಡ್ತೀರಾ?’ ಅಂತ ಕೇಳಿ. ಸಂಕೋಚ ಬೇಡ. ಒಳ್ಳೆ ಡಾಕ್ಟರಿಗೆ ಇದರಿಂದ ಬೇಜಾರಾಗುವುದಿಲ್ಲ.