ಕೂರುವ ಹಕ್ಕು ಬಂತು, ಸರಿಯಾದ ಸ್ಟೂಲು ಬರಲಿಲ್ಲ

ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗಿಯರು ಇಡೀ ದಿನ ನಿಂತೇ ಇರಬೇಕಾಗಿಲ್ಲ, ಅವರಿಗೆ ಕೂರಲು ವ್ಯವಸ್ಥೆ ಇರಬೇಕು ಎಂದು ಕೇರಳ ಸರಕಾರ ಅಂಗಡಿ ಕಾನೂನಿಗೆ ತಿದ್ದುಪಡಿ ತಂದದ್ದು 2018ರಲ್ಲಿ. ಕಲ್ಲಿಕೋಟೆಯ ಮಿಠಾಯಿ ಬೀದಿಯಲ್ಲಿ ಟೈಲರ್ ಆಗಿದ್ದ ಪಿ. ವಿಜಿ ಮತ್ತು ಅವರ 'ಪೆಣ್‌ಕೂಟ್ಟ್' ಸಂಘಟನೆಯ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಫಲ ಇದು. ಮೂರು ವರ್ಷ ಕಳೆದು, 2021ರಲ್ಲಿ, ತಮಿಳುನಾಡು ಕೂಡ ಇಂಥದೇ ತಿದ್ದುಪಡಿ ಮಾಡಿತು. ಹಾಗಾಗಿ ಕಾಸರಗೋಡಿನ ನಮ್ಮ ಮಕ್ಕಳಿಗೂ, ಹೊಸೂರು, ತಾಳವಾಡಿ, ನೀಲಗಿರಿಯ ಕನ್ನಡ ಮನೆಗಳಿಂದ ಅಂಗಡಿ ಕೆಲಸಕ್ಕೆ ಹೋಗುವವರಿಗೂ ಈ ಹಕ್ಕು ಕಾಗದದ ಮೇಲೆ ಇದೆ.

ಕಾಗದದ ಮೇಲೆ ಅಂದದ್ದು ಸುಮ್ಮನೆ ಅಲ್ಲ. ಮುಂದಿನ ಸಲ ಬಟ್ಟೆ ಅಂಗಡಿಗೆ ಹೋದಾಗ ಕೌಂಟರಿನ ಹಿಂದೆ ಸ್ವಲ್ಪ ಇಣುಕಿ ನೋಡಿ. ಹೆಚ್ಚಿನ ಕಡೆ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇರುತ್ತದೆ, ಅದರ ಮೇಲೆ ಕವರುಗಳ ಕಟ್ಟು. ಸ್ಟೂಲಿನ ಎತ್ತರ ಒಂದೂವರೆ ಅಡಿ, ಕೌಂಟರಿನದ್ದು ಮೂರು ಅಡಿ. ಅದರಲ್ಲಿ ಕೂತರೆ ಹುಡುಗಿ ಕೌಂಟರಿನ ಹಿಂದೆ ಮಾಯ! ಗಿರಾಕಿ ಬಂದ ಕೂಡಲೇ ಮೊಣಕಾಲಿಗೆ ಕೈ ಊರಿ ಏಳಬೇಕು. ಬೆಳಗ್ಗಿಂದ ಇಪ್ಪತ್ತು ಸಲ ಹಾಗೆ ಎದ್ದು ಕೂತವಳು ಇಪ್ಪತ್ತೊಂದನೇ ಸಲಕ್ಕೆ ಕೂರುವ ಉಪದ್ರವೇ ಬೇಡ ಎಂದು ನಿಂತುಬಿಡುತ್ತಾಳೆ. ಆಮೇಲೆ ಮಾಲಕರದ್ದು ಒಂದೇ ಮಾತು: "ನಾವು ಸ್ಟೂಲು ಇಟ್ಟಿದ್ದೇವಲ್ಲ, ಅವರೇ ಕೂರುವುದಿಲ್ಲ."

ಸ್ಟೂಲು ಇದೆ, ಸರಿ. ಆದರೆ ಅದು ಆ ಕೆಲಸಕ್ಕೆ ಆಗುವ ಸ್ಟೂಲು ಅಲ್ಲ. ಕೂತಾಗ ಮೊಣಕೈ ಕೌಂಟರಿನ ಮಟ್ಟಕ್ಕೆ ಬರುವಷ್ಟು ಎತ್ತರ ಬೇಕು, ಪಾದ ಇಡಲು ಕೆಳಗೆ ಅಡ್ಡಪಟ್ಟಿ ಬೇಕು. ಅರ್ಧ ನಿಂತು ಅರ್ಧ ಕೂತ ಹಾಗೆ ಒರಗಿಕೊಂಡು, ಗಿರಾಕಿ ಬಂದರೆ ಒಂದು ಹೆಜ್ಜೆಯಲ್ಲಿ ಇಳಿಯುವಂತಿರಬೇಕು. ಅಷ್ಟು ಜಾಗ ಇಲ್ಲವೆನ್ನುವ ಅಂಗಡಿಯವರು ಕೌಂಟರಿನ ಬುಡದಲ್ಲಿ, ನೆಲದಿಂದ ಐದಾರು ಅಂಗುಲ ಎತ್ತರದಲ್ಲಿ, ಒಂದು ಕಬ್ಬಿಣದ ಪೈಪು ಹಾಕಿಸಲಿ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಅದರ ಮೇಲಿಟ್ಟರೆ ಸೊಂಟದ ಬಿಗಿತ ಎಷ್ಟೋ ಇಳಿಯುತ್ತದೆ. ಟೈಲ್ಸ್ ನೆಲದ ಮೇಲೆ ಒಂದು ದಪ್ಪ ರಬ್ಬರ್ ಮ್ಯಾಟ್. ಊರಿನ ವೆಲ್ಡಿಂಗ್ ಶಾಪಿನಲ್ಲಿ ಅರ್ಧ ದಿನದಲ್ಲಿ ಮುಗಿಯುವ ಕೆಲಸ ಇದು, ಅಂಗಡಿಯ ಬೋರ್ಡಿಗೆ ಹಾಕುವ ದೀಪದಷ್ಟೂ ಖರ್ಚಿಲ್ಲ.

ನಿಂತರೆ ಏನಾಗುತ್ತದೆ, ಗದ್ದೆಯಲ್ಲಿ ನಮ್ಮ ಅಜ್ಜಿಯಂದಿರು ನಿಂತಿರಲಿಲ್ಲವೇ ಎಂದು ಕೇಳುವವರು ಇದ್ದಾರೆ. ಅಜ್ಜಿಯಂದಿರು ನಿಂತಲ್ಲೇ ನಿಂತಿರಲಿಲ್ಲ, ನಡೆದಾಡುತ್ತಿದ್ದರು. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಸಡಿಲವಾಗಿ, ಕಾಲಿಗೆ ಇಳಿದ ರಕ್ತವನ್ನು ಪಂಪಿನ ಹಾಗೆ ಮೇಲಕ್ಕೆ ತಳ್ಳುತ್ತದೆ. ಅಲ್ಲಾಡದೆ ನಿಂತರೆ ಆ ಪಂಪು ನಿಲ್ಲುತ್ತದೆ. ಸಂಜೆಗೆ ಪಾದ ಬಾತು ಚಪ್ಪಲಿ ಬಿಗಿಯುವುದು, ಕೆಲವು ವರ್ಷದಲ್ಲಿ ಮೊಣಕಾಲ ಹಿಂದೆ ನೀಲಿ ನರ ಗಂಟು ಕಟ್ಟುವುದು ಇದರಿಂದಲೇ.

ಕೆಲಸವನ್ನು, ಸಾಧನವನ್ನು ಮನುಷ್ಯನ ದೇಹಕ್ಕೆ ಹೊಂದಿಸುವ ಈ ಶಾಸ್ತ್ರಕ್ಕೆ ಎರ್ಗೊನಾಮಿಕ್ಸ್ ಎಂಬ ಹೆಸರಿದೆ. ಗ್ರೀಕ್ ಭಾಷೆಯಲ್ಲಿ 'ಎರ್ಗಾನ್' ಅಂದರೆ ಕೆಲಸ, 'ನೊಮೊಸ್' ಅಂದರೆ ನಿಯಮ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ನೆಲಕ್ಕಿಳಿದ ಮೇಲೆ ಪೈಲಟರು ರೆಕ್ಕೆಯ ಫ್ಲಾಪ್ ಮಡಿಸಲು ಹೋಗಿ ಚಕ್ರವನ್ನೇ ಮಡಿಸಿಬಿಡುತ್ತಿದ್ದರು. ಪೈಲಟರಿಗೆ ಜಾಗ್ರತೆ ಇಲ್ಲ ಎಂದು ಎಲ್ಲರೂ ಬೈದರು. ಅಲ್ಫೋನ್ಸ್ ಚಪಾನಿಸ್ ಎಂಬ ಮನಃಶಾಸ್ತ್ರಜ್ಞ ಹೋಗಿ ನೋಡಿದರೆ ಎರಡು ಗುಂಡಿಗಳೂ ಅಕ್ಕಪಕ್ಕ, ಎರಡೂ ಒಂದೇ ಥರ. ಒಂದಕ್ಕೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯ ಆಕಾರ ಕೊಟ್ಟದ್ದೇ ತಡ, ಆ ತಪ್ಪು ನಿಂತುಹೋಯಿತು. ತಪ್ಪು ಇದ್ದದ್ದು ಸಾಧನದಲ್ಲಿ.

ದೂರದ ಉದಾಹರಣೆ ಬೇಡವೆಂದರೆ ನಮ್ಮ ಮನೆಯ ಹಿಂಬದಿಗೆ ಬನ್ನಿ. ತೆಂಗಿನಕಾಯಿ ಸುಲಿಯಲು ಮೊದಲು ಇದ್ದದ್ದು ನೆಲಕ್ಕೆ ಹುಗಿದ ಹಾರೆ. ಎದೆಯನ್ನು ಅದರ ಮೊನೆಯ ಮೇಲೆ ಬಗ್ಗಿಸಿ, ಮೈಭಾರ ಹಾಕಿ ಒತ್ತಬೇಕು. ಕೈ ಜಾರಿದರೆ ಕೆಟ್ಟಿತು. ತವನೂರಿನ ಕೃಷಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಜಿಪ್ಪು ಜೇಕಬ್ ಮತ್ತು ಜೋಬಿ ಬಾಸ್ಟಿಯನ್ ರೂಪಿಸಿದ 'ಕೇರಮಿತ್ರ' ಬಂದ ಮೇಲೆ, ಕಾಯಿಯನ್ನು ಅಲಗಿಗೆ ಚುಚ್ಚಿ ಹಿಡಿ ಎತ್ತಿದರೆ ಸಾಕು, ಸಿಪ್ಪೆ ಬಾಯಿಬಿಡುತ್ತದೆ. ನೆಟ್ಟಗೆ ನಿಂತು ಮಾಡಬಹುದು, ಅರುವತ್ತು ದಾಟಿದ ಹೆಂಗಸರೂ ಮಾಡುತ್ತಾರೆ. ಕರೆಂಟು ಬೇಡ. ನನ್ನ ಕೇಳಿದರೆ ದೊಡ್ಡ ದೊಡ್ಡ ಯಂತ್ರಗಳಿಗಿಂತ ನಮ್ಮ ಭಾಗದ ಮನೆಗಳಿಗೆ ಹೆಚ್ಚು ಉಪಕಾರ ಮಾಡಿದ್ದು ಈ ಸಣ್ಣ ಸಾಧನ.

ಎಲ್ಲವೂ ಹಾಗೆ ಆಗಲಿಲ್ಲ. ಅಡಿಕೆ ಮರ ಹತ್ತುವವರು ಸಿಗದೆ ಹೋದಾಗ ಕಾರ್ಬನ್ ಫೈಬರ್ ದೋಟಿ ಬಂತು. ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಬಿಡಬಹುದು. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಭಯ ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ಇಡೀ ದಿನ ಕತ್ತು ಹಿಂದಕ್ಕೆ ಚಾಚಿ, ತೋಳು ಮೇಲೆತ್ತಿ ಕೆಲಸ ಮಾಡುವವನ ಹೆಗಲು-ಕತ್ತಿನ ಲೆಕ್ಕ ಯಾರು ಹಾಕಿದ್ದಾರೆ? ಕೈ ಹೆಗಲಿಗಿಂತ ಮೇಲೆ ಹೋದಷ್ಟು ಹೊತ್ತೂ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಬೇಗ ಸೋಲುತ್ತದೆ. ದೋಟಿ ಉದ್ದವಾದಷ್ಟೂ ತುದಿ ವಾಲುತ್ತದೆ, ಆ ವಾಲುವಿಕೆಯನ್ನು ತಡೆಯುವುದು ಕೆಳಗಿನ ಎರಡು ಮಣಿಕಟ್ಟುಗಳೇ. ಸೊಂಟದ ಬೆಲ್ಟಿನಲ್ಲಿ ದೋಟಿಯ ಬುಡ ಊರಲು ಒಂದು ಚೀಲ, ಇಷ್ಟು ಮರಕ್ಕೊಮ್ಮೆ ವಿಶ್ರಾಂತಿ, ಇಬ್ಬರು ಸರದಿಯಲ್ಲಿ ಹಿಡಿಯುವುದು, ಇವೆಲ್ಲ ತರಬೇತಿಯಲ್ಲೇ ಹೇಳಿಕೊಡಬೇಕಾದ ಸಂಗತಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಹಗುರ ಇದೆ, ಲೋಹ ಅಲ್ಲ ಎಂದು ಜನ ಧೈರ್ಯ ಮಾಡುತ್ತಾರೆ, ಲೈನು ಹಾದುಹೋಗುವ ತೋಟದಲ್ಲಿ ಅದನ್ನೇ ಎತ್ತಿ ಹಿಡಿಯುತ್ತಾರೆ. ಈ ಎಚ್ಚರಿಕೆ ದೋಟಿಯ ಹಿಡಿಯ ಮೇಲೆಯೇ ಅಳಿಸಿಹೋಗದ ಬಣ್ಣದಲ್ಲಿ, ಕನ್ನಡದಲ್ಲೂ ಇರಬೇಕು. ಈಗ ಬರುವ ಚೀಟಿ ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಮಲಯಾಳದಲ್ಲಿ. ಎಣ್ಮಕಜೆಯಲ್ಲೋ ಬೆಳ್ಳೂರಿನಲ್ಲೋ ದೋಟಿ ಹಿಡಿಯುವ ಹುಡುಗನಿಗೆ ಅದು ತಲುಪುವುದು ಹೇಗೆ? ಏನಾದರೂ ಆದ ಮೇಲೆ "ಅವನಿಗೆ ಜಾಗ್ರತೆ ಸಾಲದು" ಎನ್ನುವುದು ಆ ಬಾಂಬರ್ ಪೈಲಟರಿಗೆ ಬೈದ ಹಾಗೆಯೇ.

ಇನ್ನು ಹೆಂಗಸರ ವಿಷಯ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯ ನೇತೃತ್ವದಲ್ಲಿ ನಮ್ಮ ದೇಶದ ಕೃಷಿ ಕಾರ್ಮಿಕರ ದೇಹದ 79 ಅಳತೆಗಳನ್ನೂ ಕೈಕಾಲಿನ ಬಲದ 16 ಅಳತೆಗಳನ್ನೂ ತೆಗೆದು 2009ರಲ್ಲಿ ಪುಸ್ತಕ ಮಾಡಿದ್ದಾರೆ. ನಮ್ಮಲ್ಲಿ ಗಂಡಸಿಗಿಂತ ಹೆಂಗಸಿನ ಸರಾಸರಿ ಎತ್ತರ ಸುಮಾರು 12 ಸೆಂ.ಮೀ. ಕಡಿಮೆ, ಹಿಡಿತದ ಬಲವೂ ಕಡಿಮೆ. ಸಂಶೋಧನೆ ಇದೆ, ಪುಸ್ತಕ ಇದೆ. ಆದರೆ ಅಂಗಡಿಯಲ್ಲಿ ಸಿಗುವ ಬೆನ್ನಿನ ಸ್ಪ್ರೇಯರ್ ಈಗಲೂ 16 ಲೀಟರಿನದ್ದು, ಪಟ್ಟಿ ಗಂಡಸಿನ ಭುಜದ ಅಗಲಕ್ಕೆ. ನೀರು ತುಂಬಿದರೆ ಇಪ್ಪತ್ತು ಕಿಲೋದ ಹತ್ತಿರ. ನಲುವತ್ತೈದು ಕಿಲೋ ತೂಗುವ ಹೆಂಗಸು ಅದನ್ನು ಹೊತ್ತು ತರಕಾರಿ ಸಾಲಿನಲ್ಲಿ ನಡೆಯುತ್ತಾಳೆ.

ಭಾರದ ಮಾತು ಬಂತಲ್ಲ. ಅಮೆರಿಕದ ನಿಯೋಷ್ ಸಂಸ್ಥೆಯ 1991ರ ಲೆಕ್ಕದಲ್ಲಿ, ಎಲ್ಲ ಅನುಕೂಲ ಇರುವಾಗಲೂ ಕೈಯಲ್ಲಿ ಎತ್ತಲು ಸೂಚಿಸಿರುವ ಮಿತಿ 23 ಕಿಲೋ. ಬಗ್ಗಿ, ತಿರುಗಿ, ಮೈಯಿಂದ ದೂರ ಹಿಡಿದು ಎತ್ತಿದರೆ ಅದು ಇನ್ನೂ ಇಳಿಯುತ್ತದೆ. ನಮ್ಮ ಸಿಮೆಂಟ್ ಗೋಣಿ 50 ಕಿಲೋ. ಯೂರಿಯಾ ಗೋಣಿಯನ್ನು 2018ರಲ್ಲಿ 50ರಿಂದ 45ಕ್ಕೆ ಇಳಿಸಿದರು, ಕೂಲಿಯವನ ಬೆನ್ನು ನೋಡಿ ಅಲ್ಲ, ರೈತರು ಯೂರಿಯಾ ಕಡಿಮೆ ಹಾಕಲಿ ಎಂದು! ಗೋಣಿಯನ್ನು ಸಣ್ಣದು ಮಾಡಲು ಆಗುತ್ತದೆ ಎಂಬುದಂತೂ ಗೊತ್ತಾಯಿತು.

ನಮ್ಮ ಜಿಲ್ಲೆಯ ಕೂಡ್ಲಿನಲ್ಲೇ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ತೆಂಗಿನ ಮರ ಹತ್ತುವ ಚೆಂಬೇರಿ ಮಾದರಿಯ ಯಂತ್ರಕ್ಕೆ ಸುರಕ್ಷತೆಯ ಜೋಡಣೆ ಮಾಡಿದ ಅನುಭವ ಅದಕ್ಕಿದೆ. ದೋಟಿಯನ್ನೂ ಅವರು ಕೈಗೆತ್ತಿಕೊಳ್ಳಲಿ. ಕೃಷಿ ಭವನಗಳು ಸಬ್ಸಿಡಿಗೆ ಸಾಧನ ಆರಿಸುವ ಮೊದಲು ಊರಿನ ಇಬ್ಬರು ಹೆಂಗಸರ ಕೈಗೆ ಅದನ್ನು ಒಂದು ವಾರ ಕೊಟ್ಟು, ಅವರ ಮಾತು ಬರೆದುಕೊಳ್ಳಲಿ. ಅಂಗಡಿ ತಪಾಸಣೆಗೆ ಬರುವ ಲೇಬರ್ ಆಫೀಸರು ಸ್ಟೂಲು ಇದೆಯೇ ಎಂದು ಕೇಳಿ ಸಹಿ ಹಾಕಿ ಹೋಗುವುದು ಬೇಡ, ಕೌಂಟರಿನ ಹಿಂದೆ ಹೋಗಿ ಕಾಲು ಗಂಟೆ ಅದರಲ್ಲಿ ಕೂತು, ನಾಲ್ಕು ಸೀರೆ ಬಿಡಿಸಿ ನೋಡಲಿ.