ಹೊಳೆದಂಡೆಗೆ ಸಿಮೆಂಟು ಬೇಡವೆಂದ ರೈತನ ಮಗ

ರೈತನ ಮಗ ಓದಿ ದೊಡ್ಡವನಾದರೆ ಮೊದಲು ಮರೆಯೋದು ಗದ್ದೆಯನ್ನೇ. ನಮ್ಮ ಮಡಕಶಿರಾ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರೆಯದವರೊಬ್ಬರು ಚೀನಾದಲ್ಲಿದ್ದರು. ಹೆಸರು ಯು ಕಾಂಗ್‌ಜಿಯನ್. ಊರಿನ ಪಾರ್ಕು, ಹೊಳೆದಂಡೆ, ಬಯಲುಗಳಿಗೆ ನಕ್ಷೆ ಹಾಕುವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. 2025ರ ಸೆಪ್ಟೆಂಬರ್ 23ರಂದು ಬ್ರೆಜಿಲ್‌ನ ಜೌಗು ಸೀಮೆಯಲ್ಲಿ ಸಣ್ಣ ವಿಮಾನ ಬಿದ್ದು ತೀರಿಕೊಂಡರು.

ಹುಟ್ಟಿದ್ದು 1963ರಲ್ಲಿ, ಝೆಜಿಯಾಂಗ್ ಪ್ರಾಂತ್ಯದ ಹಳ್ಳಿಯಲ್ಲಿ. ಹುಡುಗನಾಗಿದ್ದಾಗ ತುಂಬಿದ ಹೊಳೆಗೆ ಬಿದ್ದರಂತೆ. ದಂಡೆಯ ಗಿಡ, ಜೊಂಡು ನೀರಿನ ಸೆಳೆತ ತಗ್ಗಿಸಿದ್ದವು. ಅವನ್ನೇ ಹಿಡಿದು ಮೇಲೆ ಬಂದರು. ಈಗಿನಂತೆ ಸಿಮೆಂಟು ದಂಡೆ ಇದ್ದಿದ್ದರೆ ತಾನು ಉಳಿಯುತ್ತಿರಲಿಲ್ಲ ಎನ್ನುತ್ತಿದ್ದರು.

1995ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು, 1997ರಲ್ಲಿ ದೇಶಕ್ಕೆ ಮರಳಿ, ಮರುವರ್ಷ ತುರೆನ್‌ಸ್ಕೇಪ್ ಎಂಬ ಕಂಪನಿ ಕಟ್ಟಿದರು. ‘ತು’ ಅಂದರೆ ಮಣ್ಣು, ‘ರೆನ್’ ಅಂದರೆ ಮನುಷ್ಯ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಆ ಹೆಸರೇ ಒಂದು ಪದ್ಯ.

ನನ್ನ ಮನಸ್ಸಿಗೆ ಹಿಡಿಸಿದ್ದು ಶೆನ್ಯಾಂಗ್ ಊರಿನ ವಿಶ್ವವಿದ್ಯಾಲಯದ ಕೆಲಸ. ಅಲ್ಲಿ ಅಂಗಳಕ್ಕೆ ಹುಲ್ಲುಹಾಸು ಹಾಕಲಿಲ್ಲ, ಭತ್ತ ಹಾಕಿಸಿದರು. ಮಳೆನೀರು ಕುಂಟೆಗೆ ಸೇರಿ ಅಲ್ಲಿಂದ ಗದ್ದೆಗೆ. ನಾಟಿಗೂ ಕೊಯ್ಲಿಗೂ ವಿದ್ಯಾರ್ಥಿಗಳೇ ಕೆಸರಿಗೆ ಇಳೀತಾರೆ. ಗದ್ದೆಯೂ ಚಂದವೇ ಎಂದು ಡಿಗ್ರಿ ಇದ್ದವರು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

2012ರ ಜುಲೈ 21ರಂದು ಬೀಜಿಂಗಿನಲ್ಲಿ ಒಂದು ದಿನದ ಮಳೆಗೆ 79 ಜನ ಸತ್ತರು. ಆಮೇಲೆ ಸರ್ಕಾರ ಇವರ ಮಾತಿಗೆ ಕಿವಿಗೊಟ್ಟಿತು. ಊರು ಸ್ಪಂಜಿನಂತಿರಬೇಕು: ನೀರನ್ನು ಬಿದ್ದಲ್ಲೇ ಹಿಡಿ, ಓಟ ನಿಧಾನ ಮಾಡು, ತಗ್ಗಿನಲ್ಲಿ ಅದಕ್ಕೆ ಜಾಗ ಬಿಡು. 2015ರಲ್ಲಿ 16 ಊರುಗಳಲ್ಲಿ ಕೆಲಸ ಶುರುವಾಯಿತು. ನಮ್ಮ ನೀರುಗಂಟಿ ತಿಮ್ಮಿಯಜ್ಜನ ಕಾಲದವರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ, ಆ ಮಾತು ಬೇರೆ. ಎಲ್ಲ ಗೆದ್ದಿತು ಅಂತಲೂ ಇಲ್ಲ. ಸ್ಪಂಜು ಊರಾಗಬೇಕಿದ್ದ ಝೆಂಗ್‌ಝೌ 2021ರಲ್ಲಿ ಮುಳುಗಿತು. ಗಂಟೆಗೆ 201.9 ಮಿಲಿಮೀಟರ್ ಮಳೆ ಅಂದರೆ ಯಾವ ನೆಲವೂ ಕುಡಿಯಲಾರದು. ಆದರೆ ಸಿಮೆಂಟು ಮೋರಿಗಳೂ ಆ ನೀರು ತಡೀಲಿಲ್ಲವಲ್ಲ!

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಮ್ಮೂರ ಕೆರೆಯನ್ನು ‘ಚಂದ’ ಮಾಡುವ ಮಾತು ಎದ್ದಿದೆ. ಕೆರೆಗೆ ನೀರು ತರೋ ಹಳ್ಳಕ್ಕೆ, ತೆಲುಗಿನಲ್ಲಿ ನಾವು ವಂಕ ಅಂತೀವಿ, ಎರಡೂ ಕಡೆ ಕಾಂಕ್ರೀಟ್ ಗೋಡೆ. ಏರಿ ಮೇಲೆ ಹುಲ್ಲುಹಾಸು, ಬಣ್ಣದ ದೀಪ. ಹುಲ್ಲಿಗೆ ನೀರು ಬೋರಿನಿಂದ. ಬೋರಿಗೆ ನೀರು ಎಲ್ಲಿಂದ ಅಂತ ಕೇಳಿದರೆ ಯಾರೂ ಬಾಯಿ ಬಿಡಲ್ಲ.

ಹಳ್ಳದ ಹೊಂಗೆ, ಜೊಂಡು ಇದ್ದ ಹಾಗೇ ಇರಲಿ. ಆ ದುಡ್ಡಿನಲ್ಲಿ ಹೂಳು ತೆಗೆಸಿ ಸ್ವಾಮಿ. ಗೋಡು ನಮ್ಮ ಹೊಲಗಳಿಗೆ ನಾವೇ ಹೊಡ್ಕೊಳ್ತೀವಿ, ಟ್ರ್ಯಾಕ್ಟರೂ ನಮ್ಮದೇ.